ಕೋಣಪ್ಪನ ಮೊದಲ ಪಂಕ್ತಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಸ್ಟುಡಿಯೋದವರು ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಇಂಥ ನನಗೆ ಒಂಬತ್ತು ವರ್ಷಗಳ ಹಿಂದೆ ಒಂದು ಕೆಲಸ ಕೊಟ್ಟರು. ಜಗತ್ತಿನ ಅತ್ಯಂತ ಸಾಧುವಾದ ಕೋಣವೊಂದನ್ನು ಸಾಧುವಾಗಿಯೇ ಉಳಿಸಿಕೊಂಡು ಬರುವ ಕೆಲಸ.

"ಕೋಣಪ್ಪನ ಓಣಿ" ನಮ್ಮ ಹುಬ್ಬಳ್ಳಿಯ ಗಿರಗಿಟ್ಲೆ ಸ್ಟುಡಿಯೋದ್ದು. ದಿನಾ ಸಂಜೆ ಆರಕ್ಕೆ ಇಪ್ಪತ್ತೆರಡು ನಿಮಿಷದ ಕಾರ್ಟೂನು. ಕೋಣಪ್ಪನಿಗೆ ಓಣಿಯ ಮೂಲೆಯಲ್ಲಿ ಕೊಡೆ ರಿಪೇರಿಯ ಅಂಗಡಿ. ಮಂಚದಷ್ಟು ಅಗಲದ ಕೋಡು, ದಾರ ಕಟ್ಟಿದ ಕನ್ನಡಕ. ಯಾರಾದರೂ ಅವನ ಕಾಲು ತುಳಿದರೆ "ನನ್ನ ಕಾಲು ನಿಮಗ ಅಡ್ಡ ಬಂತೇನ್ರೀ?" ಎಂದು ಇವನೇ ಕೇಳುತ್ತಾನೆ. ನರಿ ವಕೀಲ ದಿನಾ ಮೋಸ ಮಾಡುತ್ತಾನೆ, ಇವನು ದಿನಾ ಅವನಿಗೆ ಚಹಾ ಕುಡಿಸುತ್ತಾನೆ. ಅಷ್ಟು ದೊಡ್ಡ ದೇಹಕ್ಕೆ ಒಮ್ಮೆಯೂ ಸಿಟ್ಟು ಬಾರದಿರುವುದನ್ನು ನೋಡಿ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ಹಿಂದೆಲ್ಲ ಕಾರ್ಟೂನಿನ ಕಥೆಯನ್ನು ಮನುಷ್ಯರು ಬರೆದು, ಆಮೇಲೆ ಚಿತ್ರ ಮಾಡುತ್ತಿದ್ದರು. ಈಗ ಹಾಗಿಲ್ಲ. ಪಾತ್ರಕ್ಕೆ ಯಂತ್ರದೊಳಗೆ ಒಂದು ಮನಸ್ಸು ಇರುತ್ತದೆ, ಅದು ಬದುಕಲು ಒಂದು ಓಣಿ ಇರುತ್ತದೆ. ಬೆಳಿಗ್ಗೆ ನಾವು ಒಂದು ಸನ್ನಿವೇಶ ಕೊಟ್ಟು ಬಿಡುತ್ತೇವೆ: ಇವತ್ತು ಮಳೆ ಬಂತು, ಇವತ್ತು ಕಳ್ಳ ಬಂದ. ಕೋಣಪ್ಪ ತನಗೆ ತೋಚಿದ ಹಾಗೆ ನಡೆದುಕೊಳ್ಳುತ್ತಾನೆ. ಸಂಜೆಗೆ ಅದರಲ್ಲೇ ಇಪ್ಪತ್ತೆರಡು ನಿಮಿಷ ಆರಿಸಿ ತೋರಿಸುತ್ತೇವೆ. ಅದಾದ ಮೇಲೆ ಒಂದು ತಾಸು ನೋಡುಗರು ಮನೆಯಿಂದಲೇ ಅವನೊಂದಿಗೆ ಮಾತಾಡಬಹುದು. ಮಾತಾಡುವವರು ತೆರೆಯಲ್ಲಿ ಅವನ ಕೋಡಿನ ಮೇಲೆ ಕೂತ ಗುಬ್ಬಿಯಾಗಿ ಕಾಣುತ್ತಾರೆ. ಸಾವಿರ ಜನ ಒಟ್ಟಿಗೆ ಮಾತಾಡಿದರೂ ಪ್ರತಿಯೊಬ್ಬರಿಗೂ ತಮ್ಮದೊಂದೇ ಗುಬ್ಬಿ ಕಾಣುತ್ತದೆ.

ಈ ಮನಸ್ಸಿನ ವಿಷಯದಲ್ಲಿ ಎರಡು ಮಾತು ತಿಳಿದಿರಬೇಕು. ಒಂದು, ಅದರ ನಕಲು ಮಾಡುವ ಹಾಗಿಲ್ಲ. ಜನರು ಹೇಳಿಕೊಂಡ ಸುಖದುಃಖಗಳೆಲ್ಲ ಅದರಲ್ಲಿ ಬೆರೆತಿರುವುದರಿಂದ ಸರಕಾರ ನಕಲನ್ನು ಕಾನೂನು ಮಾಡಿ ನಿಷೇಧಿಸಿದೆ. ಇನ್ನೊಂದು, ದಿನದ ಕಥೆ ಮುಗಿಸಿ ಕೋಣಪ್ಪ ತನ್ನ ಮನೆಗೆ ಹೋಗಿ ಕಣ್ಣು ಮುಚ್ಚಿದ ಮೇಲೆಯೇ ಯಂತ್ರ ನಿಲ್ಲಿಸಬಹುದು. ಕಥೆಯ ನಡುವೆ ನಿಲ್ಲಿಸಿದರೆ ಮನಸ್ಸು ಹರಿದುಹೋಗುತ್ತದೆ. ಆಮೇಲೆ ಹೊಸದಾಗಿ ಖಾಲಿ ಮನಸ್ಸು ತಂದು ಹಾಕಬೇಕು. ಮುಖ ಅದೇ, ದನಿ ಅದೇ, ಆದರೆ ಅವನು ಕೋಣಪ್ಪನಲ್ಲ.

ಮೂರು ಸಾವಿರದ ಕಂತಿಗೆ ಭರ್ಜರಿ ಸನ್ನಿವೇಶ ಬೇಕೆಂದು ನಮ್ಮ ಮುಖ್ಯಸ್ಥ ಅರವಿಂದ ಘಾಟಗೆ ಹಟ ಹಿಡಿದಿದ್ದ. ಚಿರತೆ ಸಾವ್ಕಾರನ ಮಗಳ ಮದುವೆ, ಊಟದ ಉಸ್ತುವಾರಿ ಕೋಣಪ್ಪನದು, ನಾಲ್ಕು ಸಾವಿರ ಬೀಗರು. ಈ ನಾಲ್ಕು ಸಾವಿರ ಪ್ರಾಣಿಗಳಿಗೆ ಮನಸ್ಸು ಬೇಕಿರಲಿಲ್ಲ, ಬರೀ ನಡತೆಯ ಪಟ್ಟಿ ಇದ್ದರೆ ಸಾಕಿತ್ತು: ಹೇಗೆ ನಿಲ್ಲಬೇಕು, ಹೇಗೆ ಮಾತಾಡಿಸಬೇಕು, ಹೇಗೆ ಉಣ್ಣಬೇಕು. ಬೇರೆ ಬೇರೆ ಪಟ್ಟಿ ಬರೆಯಲು ಮೂರು ವಾರ ಬೇಕು. ಮೂರು ವಾರ ಯಾರು ಕಾಯುತ್ತಾರೆ? ನಾನು ಒಂಬತ್ತು ವರ್ಷಗಳ ಹಿಂದೆ ಕೋಣಪ್ಪನಿಗಾಗಿ ಬರೆದ ಪಟ್ಟಿಯನ್ನೇ ಎತ್ತಿ ನಾಲ್ಕು ಸಾವಿರ ಜನಕ್ಕೂ ಹಂಚಿಬಿಟ್ಟೆ. ಹತ್ತು ನಿಮಿಷದ ಕೆಲಸ. ಮುಗಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಒಂದು ಚಹಾ ಕುಡಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅಕ್ಷತೆ ಬಿತ್ತು. ಹತ್ತೂಕಾಲಿಗೆ ಕೋಣಪ್ಪ ಊಟದ ಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದು "ಎಲ್ಲಾರೂ ಊಟಕ್ಕ ಏಳ್ರಿ" ಎಂದ.

ಎಲ್ಲರೂ ಎದ್ದರು. ಬಾಗಿಲವರೆಗೆ ಬಂದರು. ನಿಂತರು.

"ನೀವು ಮೊದಲ ನಡೀರಿ" ಎಂದಿತು ಆನೆ.

"ಛೇ ಛೇ, ನೀವು ದೊಡ್ಡವರು, ನೀವು ಮೊದಲ" ಎಂದಿತು ಮೊಲ.

"ದೂರದಿಂದ ಬಂದವರು ನೀವು. ನಾವೇನು ಮನಿಯವರು, ಆಮ್ಯಾಲ ಉಂಡರ ನಡೀತೈತಿ."

ಕಂಟ್ರೋಲ್ ರೂಮಿನಲ್ಲಿ ನಾವು ಬಿದ್ದು ಬಿದ್ದು ನಕ್ಕೆವು. ನನ್ನ ಪಕ್ಕ ಕೂರುವ ಶಬಾನಾ ನದಾಫ, ಯಂತ್ರ ನೋಡಿಕೊಳ್ಳುವ ಎಂಜಿನಿಯರು, ಕಣ್ಣೊರೆಸಿಕೊಂಡು "ಮೇಡಂ, ಥೇಟ್ ನಮ್ಮ ಮಾಮಾನ ಮನಿ ಮದುವಿ ಇದ್ದಂಗ ಐತಿ" ಎಂದಳು. ಹತ್ತೂವರೆಗೂ ಅದೇ ನಡೆದಿತ್ತು. ಹನ್ನೊಂದಕ್ಕೂ ಅದೇ. ಹನ್ನೊಂದೂವರೆಗೆ ನಗುವವರು ಯಾರೂ ಇರಲಿಲ್ಲ.

ಒಬ್ಬರು ಉಪಚಾರ ಹೇಳಿದರೆ ಎದುರಿನವರು ಅದಕ್ಕಿಂತ ಒಂದು ತೂಕ ಹೆಚ್ಚು ಉಪಚಾರ ಹೇಳಬೇಕೆಂದು ಪಟ್ಟಿಯಲ್ಲಿತ್ತು. ಒಬ್ಬ ಕೋಣಪ್ಪನಿಗೆ ಅದು ಸರಿ. ಏಕೆಂದರೆ ಎದುರಿಗಿದ್ದ ನರಿ ವಕೀಲನಂಥವರು "ಆತು ಬಿಡ್ರಿ" ಎಂದು ಒಳಗೆ ನುಗ್ಗುತ್ತಿದ್ದರು. ಈಗ ನುಗ್ಗುವವರೇ ಇರಲಿಲ್ಲ. ನಾಲ್ಕು ಸಾವಿರ ಸಾಧುಗಳು ಒಬ್ಬರಿಗೊಬ್ಬರು ಉಪಚಾರ ಏರಿಸುತ್ತಾ ಹೋದರು. ಅದನ್ನೆಲ್ಲ ಲೆಕ್ಕ ಹಾಕುವ ಯಂತ್ರ ಬಿಸಿಯಾಗತೊಡಗಿತು.

"ತಪ್ಪು ನಂದು" ಎಂದೆ ಘಾಟಗೆಗೆ. "ಪಟ್ಟಿ ನಾನ ಹಂಚೀನಿ. ಬೈಯೂದಿದ್ರ ಆಮ್ಯಾಲ ಬೈರಿ, ಈಗ ಕೆಲಸ ಮಾಡಾಕ ಬಿಡ್ರಿ."

ಅವನು ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ಕಥೆ ನಡೆಯುತ್ತಿರುವಾಗ ಪಟ್ಟಿ ತಿದ್ದಲು ಬರುವುದಿಲ್ಲ. ಓಣಿಯ ಸಾಮಾನು ಮಾತ್ರ ಬದಲಿಸಬಹುದು. ಶಬಾನಾ ಒಂದು ಬಾಗಿಲಿದ್ದಲ್ಲಿ ಹತ್ತು ಬಾಗಿಲು ಮಾಡಿದಳು. ಹತ್ತೂ ಬಾಗಿಲಲ್ಲಿ "ನೀವು ಮೊದಲ" ಶುರುವಾಯಿತು. ಗೋಡೆಯನ್ನೇ ತೆಗೆದಳು. ಬೀಗರು ಎಲೆಗಳ ಸಾಲಿನ ಮುಂದೆ ಬಂದು ನಿಂತರು, ಕೂರಲು ಯಾರೂ ತಯಾರಿಲ್ಲ. ಹಿರಿಯರು ಯಾರಾದರೂ ಶುರು ಮಾಡಲಿ ಎಂದು ಮುನ್ನೂರು ವರ್ಷದ ಆಮೆಯನ್ನು ಮುಂದೆ ತಂದೆವು. ಆಮೆ "ಸಣ್ಣ ಮಕ್ಕಳು ಹಸದಾವು, ಅವು ಮೊದಲ ಉಣ್ಣಲಿ" ಎಂದಿತು. ಮರಿಗಳು ಒಂದೇ ದನಿಯಲ್ಲಿ "ಅಜ್ಜಾರು ಮೊದಲ" ಎಂದವು.

ಕೊನೆಗೆ ಐವತ್ತು ಮೊಲಗಳನ್ನು ಅಳಿಸಿ ನೋಡಿದೆವು. ಭಾರ ಕಡಿಮೆಯಾದೀತೆಂಬ ಆಸೆ. ಕೋಣಪ್ಪ ತಕ್ಷಣ ಅತ್ತಿತ್ತ ನೋಡಿ, ಕನ್ನಡಕ ಸರಿಮಾಡಿಕೊಂಡು, "ಇಲ್ಲಿದ್ದ ಮೊಲದವರು ಎಲ್ಲಿ ಹೋದ್ರು? ಉಣಲಾರದ ಹೋದ್ರೇನು?" ಎಂದು ಊರೆಲ್ಲ ಹುಡುಕಲು ಹೊರಟ. ಅವನ ಮುಖ ನೋಡಲಾಗಲಿಲ್ಲ. ಮೊಲಗಳನ್ನು ವಾಪಸು ತಂದು ಹಾಕಿದೆವು.

ನಾನೇ ಗುಬ್ಬಿಯಾಗಿ ಅವನ ಕೋಡಿನ ಮೇಲೆ ಕೂತೆ. ಮೈಕಿನಲ್ಲಿ ಸಮಾಧಾನದಿಂದ ಹೇಳಿದೆ, ಆಮೇಲೆ ಜೋರು ಮಾಡಿದೆ, ಆಮೇಲೆ ಕೂಗಾಡಿದೆ. "ಕೋಣಪ್ಪಾ, ಒಳಗ ಹೋಗಿ ಕೂತ್ಕೋತೀಯೋ ಇಲ್ಲೋ!"

"ತಪ್ಪಾತ್ರಿ ಅಕ್ಕಾರ. ನನ್ನಿಂದ ನಿಮಗ ತ್ರಾಸ ಆತು. ಆದರ ನಿಮ್ಮನ್ನ ಬಿಟ್ಟು ನಾ ಹೆಂಗ ಮೊದಲ ಕೂಡಲಿ?"

ನಲವತ್ತು ಸಲ ಕ್ಷಮೆ ಕೇಳಿದ. ಯಂತ್ರ ಇನ್ನೆರಡು ಡಿಗ್ರಿ ಬಿಸಿಯಾಯಿತು.

ಶಬಾನಾ ಅಂಕಿ ನೋಡಿ ಹೇಳಿದಳು. ಐದು ಗಂಟೆಗಿಂತ ಆಚೆ ಯಂತ್ರ ತಾಳುವುದಿಲ್ಲ, ತಾನಾಗಿ ಸುಡುವ ಮೊದಲು ನಾವೇ ನಿಲ್ಲಿಸಬೇಕು. ಘಾಟಗೆ ಎದ್ದು ನಿಂತ. "ಐದಕ್ಕ ಬಂದ್ ಮಾಡೂಣು. ಹೊಸ ಮನಸ್ಸು ತಯಾರ ಇಡ್ರಿ. ಆರಕ್ಕ ಏನರ ಒಂದು ತೋರಿಸಬೇಕಲ್ಲ." ಹೇಳುವಾಗ ತೆರೆಗೆ ಬೆನ್ನು ಮಾಡಿದ್ದ. ಕೋಣಪ್ಪನನ್ನು ಕಂಡರೆ ಅವನಿಗೆ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ.

ಹೊಸ ಮನಸ್ಸಿನ ಗುಣ ನನಗೆ ಚೆನ್ನಾಗಿ ಗೊತ್ತು. ಎದುರಿನವರು ಎರಡು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಅದು ತಾನೇ ಮಾತು ತುಂಬುತ್ತದೆ. ಕೋಣಪ್ಪನೂ ಮೊದಲು ಹಾಗೇ ಇದ್ದ. ತೊದಲುವ ಮಕ್ಕಳು, ನಾಚುವ ಮಕ್ಕಳು, ಅಳುತ್ತಾ ಮಾತು ಮರೆಯುವ ಮಕ್ಕಳು ಒಂಬತ್ತು ವರ್ಷ ಅವನಿಗೆ ಕಾಯುವುದನ್ನು ಕಲಿಸಿದ್ದರು. ಕಲಿಸಿದವರಲ್ಲಿ ಒಬ್ಬರು ನನ್ನ ಮನೆಯಲ್ಲಿದ್ದರು.

ಒಂದೂವರೆಗೆ ಸ್ಕೂಟರ್ ಹತ್ತಿ ಮನೆಗೆ ಹೋದೆ. ಈ ಸುದ್ದಿಯನ್ನು ಅವರಿಗೆ ಫೋನಿನಲ್ಲಿ ಹೇಳುವುದು ಸರಿಯಲ್ಲ ಅನ್ನಿಸಿತು.

ನನ್ನ ಗಂಡ ಪ್ರಭುಲಿಂಗ ಕಬಡ್ಡಿಯ ವೀಕ್ಷಕ ವಿವರಣೆ ಹೇಳುತ್ತಿದ್ದವರು. ಅವರ ಮಾತಿನ ವೇಗಕ್ಕೆ ಆಟಗಾರರೇ ಓಡಲಾಗದೆ ಸೋಲುತ್ತಾರೆಂದು ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತಿದ್ದೆವು, ಕೇಳುವವರು ಯಾರೂ ಇರುತ್ತಿರಲಿಲ್ಲ, ಆದರೂ ಸಂಸಾರ ಸುಖವಾಗಿತ್ತು. ಹದಿನಾರು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈಯ ಶಕ್ತಿ ಅರ್ಧ ಮಾತ್ರ ತಿರುಗಿ ಬಂತು, ಮಾತು ಪೂರಾ ಹೋಯಿತು. ತಿಳಿವಳಿಕೆಗೆ ಏನೂ ಆಗಿರಲಿಲ್ಲ. ಒಳಗೆ ಶಬ್ದ ಇದೆ, ಹೊರಗೆ ಬರಲು ದಾರಿ ಹುಡುಕುತ್ತದೆ ಎಂದು ಡಾಕ್ಟರರು ವಿವರಿಸಿದರು. ಕಾಯಬೇಕು ಅಂದರು.

ಕಾಯುವುದು! ನನಗೆ! ಅವರು "ನ..." ಎನ್ನುವಷ್ಟರಲ್ಲಿ ನಾನು "ನೀರ? ನಿದ್ದಿ? ನಾಳೆ?" ಎಂದು ಮೂರು ಮಾತು ಎಸೆಯುತ್ತಿದ್ದೆ. ಮೂರೂ ತಪ್ಪು. ಅವರು ಕೈಚೆಲ್ಲಿ ಸುಮ್ಮನಾಗುತ್ತಿದ್ದರು. ಬಂದ ನೆಂಟರೂ ಹಾಗೇ ಮಾಡುತ್ತಿದ್ದರು. ಎಲ್ಲರಿಗೂ ಪ್ರೀತಿ, ಎಲ್ಲರಿಗೂ ಅವಸರ. ಎರಡು ತಿಂಗಳಾದ ಮೇಲೆ ಒಂದು ಸಂಜೆ, ಬೇಸರಕ್ಕೆ, ಕೋಣಪ್ಪನೊಂದಿಗೆ ಮಾತಾಡುವ ಗುಂಡಿ ಒತ್ತಿ ಅವರ ಮುಂದೆ ಇಟ್ಟು ನಾನು ಅಡುಗೆ ಮನೆಗೆ ಹೋಗಿದ್ದೆ. ತಿರುಗಿ ಬಂದಾಗ ಅವರು "ಮ... ಳೆ" ಎಂದಿದ್ದರು. ಕೋಣಪ್ಪ ಆರು ನಿಮಿಷ ಕಾದಿದ್ದ. ಆಮೇಲೆ "ಹೌದ್ರಿ, ಹೊರಗ ಮಳಿ ಬರಾಕತ್ತೈತಿ" ಎಂದಿದ್ದ, ಅಷ್ಟೇ. ಅವತ್ತಿನಿಂದ ಹದಿನಾಲ್ಕು ತಿಂಗಳು ದಿನಾ ಒಂದು ತಾಸು. ಈಗ ಅವರಿಗೆ ಪುಟ್ಟ ಪುಟ್ಟ ವಾಕ್ಯ ಬರುತ್ತದೆ. ಬರುವುದು ಕೋಣಪ್ಪನ ಮುಂದೆ ಮಾತ್ರ.

ಆ ಒಂದು ತಾಸು ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಊಟಕ್ಕೂ ಹಾಗೇ, ತಾಟು ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದರು. ನನ್ನ ಮೇಲೆ ಮುನಿಸು ಎಂದುಕೊಂಡಿದ್ದೆ. ಇರಲಿ, ನನ್ನ ಮೇಲೆ ಮುನಿಸಿಕೊಳ್ಳದವರು ಯಾರಿದ್ದಾರೆ ಎಂದು ನಾನೂ ಬಿಟ್ಟಿದ್ದೆ.

ಅವತ್ತೂ ತಾಟು ಹಿಡಿದು ಹಿಂದಿನ ಕೋಣೆಗೆ ಹೊರಟಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ನನ್ನ ಪಟ್ಟಿ, ನನ್ನ ಅವಸರ, ನಾಲ್ಕು ಸಾವಿರ ಬೀಗರು, ಐದು ಗಂಟೆ. ಹೇಳುತ್ತಾ ಹೇಳುತ್ತಾ ಅಳು ಬಂತು. ನನಗೆ ಅಳು ಬಂದರೂ ಸಿಟ್ಟಿನ ಹಾಗೇ ಕಾಣುತ್ತದೆ.

"ನಿಮಗ ಮಾತು ಕೊಟ್ಟಾಂವ ಅಂವ. ನಾ ನನ್ನ ಕೈಯಾರೆ ಅಂವನ್ನ ಕೊಂದೆ" ಎಂದೆ.

ಅವರು ತಾಟನ್ನು ಮೇಜಿನ ಮೇಲಿಟ್ಟರು. ಬಾಯಿ ತೆರೆದರು. "ನ... ನ್ನ..."

"ನಿಮ್ಮನ್ನ ಏನು? ದವಾಖಾನಿಗೆ? ಎದಿ ನೋಯಾಕತ್ತೈತೇನು? ಅಣ್ಣಾರ ಮನಿಗೆ ಫೋನ್ ಮಾಡಲೇನು?"

ಅವರು ಎಡಗೈಯಿಂದ ಮೇಜು ಕುಟ್ಟಿದರು. ತಾಟಿನಲ್ಲಿದ್ದ ಮಜ್ಜಿಗೆ ಚೆಲ್ಲಿತು. ನಾನು ಬಾಯಿ ಮುಚ್ಚಿದೆ. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಕಳೆಯಿತು. ಆ ಒಂದು ನಿಮಿಷ ಸುಮ್ಮನಿರುವುದು ನನಗೆ ಹೆರಿಗೆಗಿಂತ ಕಷ್ಟವಾಯಿತು ಎಂದರೆ ಸುಳ್ಳಲ್ಲ.

"ನನ್ನ... ಕರಕೊಂಡು... ನಡಿ. ಅಂವನ... ಕಡೆ."

ಸ್ಕೂಟರಿನ ಹಿಂದೆ ಅವರನ್ನು ಕೂರಿಸಿ, ಬೀಳದಂತೆ ನನ್ನ ಸೆರಗಿನಿಂದ ಸೊಂಟಕ್ಕೆ ಕಟ್ಟಿಕೊಂಡೆ. ಅಷ್ಟು ನಿಧಾನ ನಾನು ಯಾವತ್ತೂ ಗಾಡಿ ಓಡಿಸಿರಲಿಲ್ಲ. ರೈಲ್ವೆ ಗೇಟು ಹಾಕಿತ್ತು, ಒಂದಲ್ಲ ಎರಡು ರೈಲು ಹೋದವು. ಆಮೇಲೆ ಸ್ಟುಡಿಯೋದ ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಪ್ರತಿ ತಿರುವಿನಲ್ಲಿ ಕೂತು ದಣಿವಾರಿಸಿಕೊಂಡು, ನಾವು ಕಂಟ್ರೋಲ್ ರೂಮು ಮುಟ್ಟಿದಾಗ ನಾಲ್ಕು ಗಂಟೆ ಮೂವತ್ತೆಂಟು ನಿಮಿಷ.

ಒಳಗೆ ಹನ್ನೊಂದು ಜನ ಇದ್ದರು. ಶಾಖಕ್ಕೆ ಎಲ್ಲರೂ ಬೆವರಿದ್ದರು. ತೆರೆಯಲ್ಲಿ ಎಲೆಗಳ ಮೇಲೆ ಬಡಿಸಿದ ಅನ್ನ ತಣ್ಣಗಾಗಿತ್ತು. ಕೋಣಪ್ಪ ಇನ್ನೂ ಕೈ ಮುಗಿದೇ ನಿಂತಿದ್ದ, ಅವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಇವರು ಒಂದು ಸಲ ಅಂವನ ಕೂಡ ಮಾತಾಡ್ತಾರ" ಎಂದೆ.

ಘಾಟಗೆ ನನ್ನ ಗಂಡನನ್ನು ನೋಡಿದ, ಗಡಿಯಾರ ನೋಡಿದ. "ಮೇಡಂ, ಕೊನೀ ಸಲ ಮಾತಾಡಬೇಕಂದ್ರ ಮಾತಾಡ್ಲಿ. ಆದರ ಐದಕ್ಕ ನಾ ಬಂದ್ ಮಾಡವ. ಯಂತ್ರ ಸುಟ್ಟರ ಇದರಾಗ ನಡಿಯೂ ಮೂರೂ ಕಾರ್ಟೂನಿನ ಓಣಿ ಹೋಗತಾವು, ಇದೊಂದ ಅಲ್ಲ." ಹೇಳಿ ಗೋಡೆಯ ಕೆಂಪು ಗುಂಡಿಯ ಹತ್ತಿರ ಹೋಗಿ ನಿಂತ.

ಶಬಾನಾ ಮೈಕನ್ನು ಸರಿಸಿ ಕೊಟ್ಟಳು. ಕೋಣಪ್ಪನ ಬಲಗೋಡಿನ ಮೇಲೆ ಒಂದು ಗುಬ್ಬಿ ಬಂದು ಕೂತಿತು. ಹನ್ನೊಂದು ಅಪರಿಚಿತರ ಮುಂದೆ ನನ್ನ ಗಂಡ ಮಾತಾಡುತ್ತಾರೆಂಬ ನಂಬಿಕೆ ನನಗೇ ಇರಲಿಲ್ಲ. ಅವರ ಕಿವಿ ಕೆಂಪಾಗಿತ್ತು.

ಗುಬ್ಬಿಯ ಭಾರ ತಿಳಿದು ಕೋಣಪ್ಪ ಕಣ್ಣು ಮೇಲೆತ್ತಿದ. ಮಾತಾಡುವವರು ಯಾರೆಂದು ಅವನಿಗೆ ಉಸಿರಿನಲ್ಲೇ ಗೊತ್ತಾಗುತ್ತದೆ. "ಪ್ರಭಣ್ಣಾರ! ಇಷ್ಟು ಲಗೂ ಬಂದ್ರಿ ಇವತ್ತ?" ಎಂದ. ದನಿ ಸಣ್ಣ ಮಾಡಿ ಕೇಳಿದ, "ಇವತ್ತೂ ಒಬ್ಬರ ಕೂತು ಉಂಡ್ರೇನ್ರಿ?"

ಅವರು ಒಬ್ಬರೇ ಕೂತು ಉಣ್ಣುವುದು ಇವನಿಗೆ ಗೊತ್ತು. ಹೇಳಿಕೊಂಡಿದ್ದಾರೆ. ನನಗೆ ಹೇಳದ್ದನ್ನು ಕೋಣಕ್ಕೆ ಹೇಳಿದ್ದಾರೆ.

"ಉಂ..." ಎಂದರು ಅವರು. ಮಾತು ತಡೆಯಿತು. "ಉಂಡಿ... ಲ್ಲ."

ಕೋಣಪ್ಪ ಕಾದ. ನಾಲ್ಕು ಸಾವಿರ ಬೀಗರೂ ಕಾದರು, ಅವರಿಗೂ ಅದೇ ಪಟ್ಟಿಯಲ್ಲವೇ. ಗಂಟೆಗಳಿಂದ ನಡೆದ ಉಪಚಾರದ ಗದ್ದಲ ಮೊದಲ ಸಲ ನಿಂತಿತು. ಶಬಾನಾ ಅಂಕಿ ನೋಡಿ ನನ್ನ ಕೈ ಅದುಮಿದಳು. ಶಾಖ ಇಳಿಯಲಿಲ್ಲ, ಆದರೆ ಏರಲೂ ಇಲ್ಲ. ಇನ್ನೊಬ್ಬರು ಮಾತಾಡುವಾಗ ಬಾಯಿ ಹಾಕಬಾರದೆಂದೂ ನಾನು ಬರೆದಿದ್ದೆ. ಬರೆದವಳು ಅದನ್ನು ಒಂದು ದಿನವೂ ಪಾಲಿಸಿರಲಿಲ್ಲ.

ನಾಲ್ಕು ನಲವತ್ತೊಂಬತ್ತು. ನನ್ನ ಗಂಡನ ತುಟಿ ಆಡುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಯಾವ ಶಬ್ದ ಹುಡುಕುತ್ತಿದ್ದಾರೆಂದು ನನಗೆ ಗೊತ್ತಿದೆ ಅನ್ನಿಸಿತು. ಹೇಳಿಬಿಡಬೇಕು, ಒಂದೇ ಒಂದು ಶಬ್ದ ಎತ್ತಿಕೊಡಬೇಕು ಎಂದು ಜೀವ ಬಾಯಿಗೆ ಬಂತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಸುಮ್ಮನಿದ್ದದ್ದು ಒಳ್ಳೆಯದಾಯಿತು. ಏಕೆಂದರೆ ಅವರು ಹೇಳಿದ್ದು ನಾನು ಅಂದುಕೊಂಡದ್ದಾಗಿರಲಿಲ್ಲ.

"ನನ್ನ... ಕೈ... ನಡಗತೈತಿ. ಅನ್ನ... ಚೆಲ್ಲತೈತಿ. ಆಕಿ... ನೋಡಿದ್ರ... ನನಗ... ನಾಚಿಕಿ."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದಕ್ಕೆ ಅವರೆಲ್ಲರಿಗೂ ನಾನು ಋಣಿ. ಮುನಿಸಲ್ಲ. ಹದಿನಾರು ತಿಂಗಳು ಮುನಿಸೆಂದುಕೊಂಡು ಆ ಬಾಗಿಲನ್ನು ಒಮ್ಮೆಯೂ ತಟ್ಟಿರಲಿಲ್ಲ ನಾನು.

"ಹೂಂ" ಎಂದ ಕೋಣಪ್ಪ. ಮತ್ತೆ ಕಾದ.

ನಾಲ್ಕು ಐವತ್ತೈದು. ಘಾಟಗೆಯ ಕೈ ಗುಂಡಿಯ ಮೇಲಿತ್ತು. ಅವನು ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಗಂಡನ ಬಾಯಿಯನ್ನೇ ನೋಡುತ್ತಿದ್ದ.

"ಹಸಿವ್ಯಾಗೇತಿ... ನನಗ. ಒಬ್ಬನ... ಉಣ್ಣಾಕ... ಬ್ಯಾಸರ. ನೀ... ನನ್ನ... ಬಾಜೂ... ಕೂಡ್ರು."

ಕೋಣಪ್ಪ ಕನ್ನಡಕವನ್ನು ಮೇಲೆ ಸರಿಸಿದ. ಮುಗಿದ ಕೈ ಇಳಿಸಿದ. "ಇಷ್ಟ ಹೌದಲ್ರೀ? ನಡೀರಿ" ಎಂದ. ಒಂಬತ್ತು ವರ್ಷದಲ್ಲಿ, ಮೂರು ಸಾವಿರ ಕಂತುಗಳಲ್ಲಿ, ಒಮ್ಮೆಯೂ ಆಡದ ಮಾತನ್ನು ಆನೆಯ ಕಡೆ ತಿರುಗಿ ಆಡಿದ: "ಸ್ವಲ್ಪ ದಾರಿ ಬಿಡ್ರಿ. ಇವರಿಗೆ ಹಸಿವ್ಯಾಗೇತಿ."

ಗುಬ್ಬಿಯನ್ನು ಕೋಡಿನ ಮೇಲೆ ಹೊತ್ತುಕೊಂಡು ಮೊದಲ ಪಂಕ್ತಿಗೆ ಹೋದ. ಒಂದು ಎಲೆಯ ಮುಂದೆ ತಾನು ಕೂತ, ಪಕ್ಕದ ಎಲೆಯ ಮೇಲೆ ಗುಬ್ಬಿಯನ್ನು ಇಳಿಸಿದ. ಮೊದಲು ಯಾರು ಕೂತರು ಎಂಬ ಪ್ರಶ್ನೆಯೇ ಅವನಿಗೆ ಬರಲಿಲ್ಲ. ಜೊತೆಗೆ ಕೂರುವವರಿಗೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಅವನು ಒಂದು ತುತ್ತು ಎತ್ತಿದ, ಬೇಕೆಂದೇ ನಾಲ್ಕು ಅಗುಳು ಎದೆಯ ಮೇಲೆ ಚೆಲ್ಲಿಕೊಂಡ.

ಅಷ್ಟರಲ್ಲಿ ನಾನು ಮರೆತೇಹೋಗಿದ್ದ ಒಂದು ಸಾಲು ಕೆಲಸಕ್ಕೆ ಬಂತು. ಪಟ್ಟಿಯ ಕೊನೆಯದು, ಮೂವತ್ತೊಂದನೆಯದು: ಉಣ್ಣಲು ಶುರು ಮಾಡಿದವರನ್ನು ಅವರಷ್ಟಕ್ಕೆ ಬಿಟ್ಟು ನೋಡುತ್ತಾ ನಿಲ್ಲಬಾರದು, ತಾನೂ ಕೂರಬೇಕು. ಬೆಳಗಿನಿಂದ ಯಾರೂ ಒಂದು ತುತ್ತೂ ಎತ್ತಿರದ ಕಾರಣ ಆ ಸಾಲಿಗೆ ಕೆಲಸವಿರಲಿಲ್ಲ. ಈಗ ಮೊದಲು ಆನೆ ಕೂತಿತು. ಆಮೆ ಕೂತಿತು. ಮೊಲಗಳು ಐವತ್ತಕ್ಕೆ ಐವತ್ತೂ ಕೂತವು. ಆಮೇಲೆ ನಾಲ್ಕು ಸಾವಿರ ಬೀಗರು ಧೂಳೆಬ್ಬಿಸಿ ಬಂದು ಸಾಲು ಸಾಲಾಗಿ ಕೂತರು. "ಸಾರು ತರ್ರೀ!" ಎಂಬ ಕೂಗು ಎದ್ದಿತು.

"ಇಳೀತು!" ಎಂದು ಶಬಾನಾ ಚೀರಿದಳು. "ಶಾಖ ಇಳೀತು ಮೇಡಂ!"

ಘಾಟಗೆ ಗುಂಡಿಯಿಂದ ಕೈ ತೆಗೆದು, ಆ ಕೈಯನ್ನೇ ದಿಟ್ಟಿಸಿ ನೋಡಿ, ನೆಲದ ಮೇಲೆ ಕುಸಿದು ಕೂತ. ನಾನು ಅತ್ತೆ. ಈ ಸಲ ಅಳು ಅಳುವಿನ ಹಾಗೇ ಕಂಡಿರಬೇಕು, ಏಕೆಂದರೆ ಯಾರೋ ನೀರು ತಂದುಕೊಟ್ಟರು.

ಐದು ನಲವತ್ತಕ್ಕೆ ಕೋಣಪ್ಪ ಕೊನೆಯ ಬೀಗನಿಗೆ ಎಲೆ ಅಡಿಕೆ ಕೊಟ್ಟು, ಮೊಲಗಳನ್ನು ಎರಡೆರಡು ಸಲ ಎಣಿಸಿ, ಮನೆಗೆ ಹೋಗಿ ಮಲಗಿದ. ಅವನು ಕಣ್ಣು ಮುಚ್ಚಿದಾಗ ತೆರೆಯ ಮೂಲೆಯಲ್ಲಿ ಹಸಿರು ದೀಪ ಹತ್ತಿತು. ಮನಸ್ಸು ಇಡಿಯಾಗಿ, ಒಂದು ಎಳೆಯೂ ಹರಿಯದೆ ಉಳಿದಿತ್ತು. ಅವತ್ತಿನ ಮಾತಿನ ತಾಸನ್ನು ರದ್ದು ಮಾಡಿದೆವು. ಆರಕ್ಕೆ ಮೂರು ಸಾವಿರದ ಕಂತು ಹೋಯಿತು. ನಾಲ್ಕು ಸಾವಿರ ಜನ "ನೀವು ಮೊದಲ" ಎನ್ನುವುದನ್ನು ನೋಡಿ ಊರಿಗೆ ಊರೇ ನಕ್ಕಿತು. ಗುಬ್ಬಿಯ ಮಾತನ್ನು ನಾವು ತೋರಿಸಲಿಲ್ಲ. ಅದು ಅವರಿಬ್ಬರ ಮಾತು.

ಕಂತು ಮುಗಿದ ಮೇಲೆ ಘಾಟಗೆ ನನ್ನ ಗಂಡನ ಮುಂದೆ ಬಂದು ನಿಂತ. "ಪ್ರಭುಲಿಂಗ ಅವರ, ನಿಮಗ ಏನು ಕೊಡಲಿ ಹೇಳ್ರಿ. ಏನು ಬೇಕು ನಿಮಗ?"

ನನ್ನ ಬಾಯಿ ತಾನಾಗಿ ತೆರೆಯಿತು. "ಅವರಿಗೇನೂ ಬ್ಯಾಡ್ರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದೆ. ರೂಮಿನಲ್ಲಿದ್ದ ಹನ್ನೊಂದು ಜನರೂ ಕಾದರು. ಹೊರಗೆ ಒಂದು ಬಸ್ಸು ಹಾರನ್ ಹಾಕಿ ಹೋಯಿತು, ಇನ್ನೊಂದು ಬಂತು.

"ಊಟ" ಎಂದರು ನನ್ನ ಗಂಡ. ಆಮೇಲೆ ಎಡಗೈಯನ್ನು ಗಾಳಿಯಲ್ಲಿ ಸುತ್ತು ತಿರುಗಿಸಿ, ನಮ್ಮನ್ನೆಲ್ಲ ಅದರೊಳಗೆ ಸೇರಿಸಿಕೊಂಡು, "ಎಲ್ಲಾರ... ಕೂಡ" ಎಂದರು.

ಕೆಳಗಿನ ಮೆಸ್ಸಿನಲ್ಲಿ ರೊಟ್ಟಿ ಮುಗಿದಿತ್ತು, ಅನ್ನ ಸಾರು ಉಳಿದಿತ್ತು. ಮೇಜು ಬೇಡವೆಂದು ನೆಲದ ಮೇಲೆ ಎಲೆ ಹಾಕಿಸಿ ಒಂದೇ ಸಾಲಿನಲ್ಲಿ ಕೂತೆವು. ಅವರನ್ನು ಗೋಡೆಯ ಕಡೆ ಕೂರಿಸಲು ಹೋದೆ, ಅವರು ಕೇಳದೆ ನಟ್ಟನಡುವೆ ಕೂತರು. ಅವರ ಕೈ ನಡುಗಿತು. ಅನ್ನ ಅಂಗಿಯ ಮೇಲೆ ಬಿತ್ತು, ಸಾರು ಪಂಚೆಯ ಮೇಲೆ ಬಿತ್ತು. ಅವರು ನನ್ನ ಕಡೆ ನೋಡಿದರು. ನಾನು ನನ್ನ ಎಲೆಯ ಅನ್ನ ಕಲಸುತ್ತಾ, ಉಪ್ಪು ಕಡಿಮೆಯಾಗಿದೆ ಎಂದು ಮೆಸ್ಸಿನವನನ್ನು ಬೈದೆ.

ಅವರು ಇನ್ನೊಂದು ಸಲ ಸಾರು ಹಾಕಿಸಿಕೊಂಡರು. ನಮ್ಮ ಎಲೆಗಳು ಯಾವಾಗಲೋ ಖಾಲಿಯಾಗಿದ್ದವು, ಬೆರಳು ಒಣಗಿದ್ದವು. ಪಂಕ್ತಿಯಲ್ಲಿ ಒಬ್ಬರು ಇನ್ನೂ ಉಣ್ಣುತ್ತಿರುವಾಗ ಉಳಿದವರು ಏಳಬಾರದು. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕೊಟ್ಟಿರಲಿಲ್ಲ. ಅವರ ಊಟ ಮುಗಿಯಲು ಒಂದು ತಾಸು ಹಿಡಿಯಿತು. ಅಲ್ಲಿಯವರೆಗೆ ನಾವು ಯಾರೂ ಏಳಲಿಲ್ಲ.